ಅಮಾವಾಸ್ಯೆಯ ಮಾತ್ರೆ

ಭಾನುವಾರ ಊಟವಾದ ಮೇಲೆ ಹೊನ್ನಪ್ಪಾಚಾರಿ ಅಂಗೈ ಚಾಚುತ್ತಿದ್ದ. ಪುಟ್ಟಲಕ್ಷ್ಮಮ್ಮ ಮಾತ್ರೆಗಳನ್ನು ಬಿಡಿಸಿ ಅದರೊಳಗೆ ಹಾಕುತ್ತಿದ್ದಳು. ಮಾತ್ರೆಯ ಹಿಂದಿನ ತೆಳು ತಗಡನ್ನು ಒತ್ತಿ ಹರಿಯುವಷ್ಟು ಬಲ ಅವನ ಬೆರಳಿಗೆ ಉಳಿದಿರಲಿಲ್ಲ. ಏನು ಹಾಕಿದಳು, ಎಷ್ಟು ಹಾಕಿದಳು ಎಂದು ಅವನು ನೋಡುತ್ತಿರಲಿಲ್ಲ. ಬಾಯಿಗೆ ಎಸೆದುಕೊಂಡು, ಚೊಂಬೆತ್ತಿ ನೀರು ಕುಡಿದು, "ಆಯ್ತು ಕಣಮ್ಮಿ, ಇನ್ನೊಂದ್ ವಾರಕ್ಕೆ ರುಜು ಬಿತ್ತು" ಎನ್ನುತ್ತಿದ್ದ.

ಚಿನ್ನ ಯಾರ ಮನೆಯದೇ ಆಗಲಿ, ಸ್ವಂತ ಮಾವ ತಂದುಕೊಟ್ಟದ್ದೇ ಆಗಲಿ, ಒರೆಗಲ್ಲಿಗೆ ಉಜ್ಜದೆ ಮುಟ್ಟದ ಮನುಷ್ಯ ಅವನು. ಹೆಂಡತಿ ಕೈಯಿಂದ ಬಂದದ್ದನ್ನು ಮಾತ್ರ ಹಾಗೇ ನುಂಗುತ್ತಿದ್ದ. ಪುಟ್ಟಲಕ್ಷ್ಮಮ್ಮ ಈಚೆಗೆ ಆ ಚಾಚಿದ ಅಂಗೈಯನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದಳು.

ಬೂಕನಕೆರೆಯ ಸಂತೆಬೀದಿಯಲ್ಲಿ ಮನೆ. ಮುಂದಿನ ಕೋಣೆಯೇ ಅಂಗಡಿ. ತಾಳಿ, ಓಲೆ, ಮೂಗುಬೊಟ್ಟು ಮಾಡಿಸಲು ಸುತ್ತಲ ಹಳ್ಳಿಯವರು ಅವನ ಅಪ್ಪನ ಕಾಲದಿಂದ ಅಲ್ಲಿಗೇ ಬರುತ್ತಿದ್ದರು. ನಲವತ್ತೆಂಟನೆಯ ವಯಸ್ಸಿನಲ್ಲಿ ಹೊನ್ನಪ್ಪಾಚಾರಿಯ ಬೆರಳ ಗೆಣ್ಣುಗಳು ಊದಿಕೊಳ್ಳಲು ಶುರುವಾದವು. ಬೆಳಗ್ಗೆ ಎದ್ದರೆ ಎರಡು ಕೈಯೂ ಮರಗಟ್ಟಿದಂತಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿಕೊಂಡು ಕೂತು, ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಹೇಗೋ ಚಿಮಟ ಹಿಡಿಯುವಂತಾಗುತ್ತಿತ್ತು. ಎಣ್ಣೆ ತಿಕ್ಕಿದ್ದಾಯಿತು, ನಾಗಮಂಗಲದಲ್ಲಿದ್ದ ಮಗಳು ರಂಜಿತ ಕಳಿಸಿದ ಲೇಹ್ಯ ತಿಂದದ್ದಾಯಿತು. ಕಡೆಗೆ ಶ್ರೀರಂಗಪಟ್ಟಣಕ್ಕೆ ಪ್ರತಿ ಗುರುವಾರ ಮೈಸೂರಿನಿಂದ ಬರುತ್ತಿದ್ದ ಡಾಕ್ಟರೊಬ್ಬರ ಹತ್ತಿರ ಹೋದರು.

"ಇದು ವಾಸಿಯಾಗೋ ಕಾಯಿಲೆ ಅಲ್ಲ. ಹತೋಟಿಯಲ್ಲಿ ಇಟ್ಟುಕೊಳ್ಳೋ ಕಾಯಿಲೆ" ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಳದಿ ಬಣ್ಣದ ಸಣ್ಣ ಮಾತ್ರೆ ಬರೆದುಕೊಟ್ಟು ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿದ್ದರು. "ವಾರಕ್ಕೆ ಒಂದೇ ದಿನ. ಮೂರು ಮಾತ್ರೆ ಒಟ್ಟಿಗೆ. ಬೇಗ ಗುಣ ಆಗಲಿ ಅಂತ ದಿನಾ ಕೊಟ್ಟೀರಿ, ಪ್ರಾಣಕ್ಕೇ ಬರುತ್ತೆ. ತಿಳೀತಾ?"

ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಆ ಔಷಧಿ ಹೆಚ್ಚಾದರೆ ವಿಷ ಎಂಬುದೊಂದೇ ಅವಳ ತಲೆಯಲ್ಲಿ ನಿಂತಿತು. ಕಡಿಮೆಯಾದರೆ ಏನು ಎಂದು ಡಾಕ್ಟರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮೊದಮೊದಲು ಗುಣ ಕಂಡಿತು. ಎರಡು ತಿಂಗಳಾಗುವಷ್ಟರಲ್ಲಿ ಹೊನ್ನಪ್ಪಾಚಾರಿ ಮುಷ್ಟಿ ಕಟ್ಟಿ ತೋರಿಸಿದ. ಆದರೆ ಭಾನುವಾರ ಮಾತ್ರೆ ನುಂಗಿದರೆ ಸೋಮವಾರವಿಡೀ ಹೊಟ್ಟೆ ತೊಳಸು. ಅನ್ನದ ವಾಸನೆಗೇ ಎದ್ದು ಹಿತ್ತಲಿಗೆ ಓಡುತ್ತಿದ್ದ. ಪಕ್ಕದ ಮನೆಯ ಕುಳ್ಳಮ್ಮ ಗೋಡೆಯಾಚೆಯಿಂದ ಇಣುಕಿ, "ಏನಮ್ಮಿ ಪುಟ್ಲಕ್ಸಮ್ಮ, ನಿನ್ ಗಂಡ ಇಂಗ್ ವಾಕರಿಸ್ತಾವ್ನೆ. ಎಷ್ಟ್ ತಿಂಗ್ಳಂತೆ?" ಎಂದು ಕೇಳಿದಳು.

"ಮೂರು ಕಣಕ್ಕಾ. ನಿನ್ನೇ ಕರಸ್ತೀನಿ ಬಾಣಂತನಕ್ಕೆ" ಎಂದು ಹೊನ್ನಪ್ಪಾಚಾರಿ ಬಾಯಿ ಒರೆಸಿಕೊಳ್ಳುತ್ತ ಹೇಳಿದ್ದ. ಆಗಿನ್ನೂ ನಗುತ್ತಿದ್ದ.

ನಗು ನಿಂತದ್ದು ಬಾಯಲ್ಲಿ ಹುಣ್ಣಾದಾಗ. ನಾಲಿಗೆಯ ಅಂಚಿಗೆ, ತುಟಿಯ ಒಳಗೆ ಬಿಳಿ ಬಿಳಿ ಹುಣ್ಣು. ರೈತನಿಗೆ ಬಾಯಿ ಹುಣ್ಣಾದರೆ ಖಾರ ಬಿಟ್ಟು ಉಣ್ಣುತ್ತಾನೆ, ಅಷ್ಟೆ. ಅಕ್ಕಸಾಲಿಗೆ ಬಾಯಿಯೇ ತಿದಿ. ದೀಪದ ಉರಿಯನ್ನು ಊದುಗೊಳವೆಯಿಂದ ಊದಿ ಊದಿ, ಸೂಜಿಯ ಮೊನೆಯಷ್ಟು ಚೂಪು ಮಾಡಿ, ಬೆಸುಗೆಯ ಜಾಗಕ್ಕೆ ಮಾತ್ರ ತಾಗಿಸಬೇಕು. ಉಸಿರು ಒಂದು ಗಳಿಗೆ ಹೆಚ್ಚುಕಡಿಮೆಯಾದರೆ ಒಡವೆ ಹೋಯಿತು.

ಆ ಮಾಘದಲ್ಲಿ ಜವರಯ್ಯನ ಮಗಳ ಮದುವೆಯ ತಾಳಿ ಅವನ ಕೈಗೆ ಬಂದಿತ್ತು. ಜವರಯ್ಯ ಎರಡು ತಲೆಮಾರಿನ ವಾಡಿಕೆಯವನು. ಅಕ್ಕಿ, ಬೆಲ್ಲ, ಎಲೆ ಅಡಿಕೆ ಇಟ್ಟ ತಟ್ಟೆಯನ್ನು ಅಗ್ಗಿಷ್ಟಿಕೆಯ ಮುಂದಿಟ್ಟು ಕೈಮುಗಿದು, ಗೋಡೆಗೊರಗಿ ಕೂತಿದ್ದ. ತಾಳಿಗೆ ದಾರ ಪೋಣಿಸುವ ಕೊಳವೆಯನ್ನು ಬೆಸೆಯುವ ಹೊತ್ತು. ಹೊನ್ನಪ್ಪಾಚಾರಿ ಊದುಗೊಳವೆಯನ್ನು ತುಟಿಗಿಟ್ಟ. ಹುಣ್ಣಿನ ಮೇಲೆ ತಾಮ್ರದ ಅಂಚು ಒತ್ತಿತು. ಕಣ್ಣಲ್ಲಿ ನೀರು ಬಂತು. ಉರಿ ಅಲ್ಲಾಡಿತು. ದಾರದ ಕೊಳವೆ ಕರಗಿ ತಾಳಿಯ ಮೈಮೇಲೆ ಹರಡಿಕೊಂಡಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪುಟ್ಟಲಕ್ಷ್ಮಮ್ಮ ನೋಡಿದಳು. ಗಂಡ ಊದುಗೊಳವೆಯನ್ನು ಬಾಯಿಂದ ತೆಗೆದಾಗ ಅದರ ತುದಿಯಲ್ಲಿ ರಕ್ತವಿತ್ತು.

"ಇನ್ನೊಂದಪ ಮಾಡ್ಕೊಡ್ತೀನಿ ಜವರಯ್ಯ. ಚಿನ್ನ ಎಲ್ಗೂ ಓಗಿಲ್ಲ" ಎಂದ ಹೊನ್ನಪ್ಪಾಚಾರಿ.

ಜವರಯ್ಯ ತಾಳಿಯನ್ನೂ ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. "ತಪ್ಪು ತಿಳ್ಕಬ್ಯಾಡಿ ಆಚಾರ್ರೆ. ಬ್ಯಾರೆ ಒಡವೆ ಆಗಿದ್ರೆ ಯೋಚ್ನೆ ಇರ್ಲಿಲ್ಲ. ತಾಳಿ ಕರಗ್ತು ಅಂತ ಬೀಗರ ಕಿವಿಗ್ ಬಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದ. ಚಿನ್ನವನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡು ಕೆ.ಆರ್. ಪೇಟೆಯ ಬಸ್ಸು ಹತ್ತಿದ. ಅಕ್ಕಿ ಬೆಲ್ಲದ ತಟ್ಟೆ ಅಲ್ಲೇ ಉಳಿಯಿತು. ಅದನ್ನು ಏನು ಮಾಡಬೇಕೆಂದು ಮನೆಯಲ್ಲಿ ಇಬ್ಬರಿಗೂ ತೋಚಲಿಲ್ಲ. ಕಡೆಗೆ ಪುಟ್ಟಲಕ್ಷ್ಮಮ್ಮ ಬೆಲ್ಲಕ್ಕೆ ಇರುವೆ ಮುತ್ತಿದ ಮೇಲೆ ಎತ್ತಿ ಹಸುವಿಗೆ ಹಾಕಿದಳು.

ಮಾರನೆಯ ದಿನ ಅವಳು ಔಷಧಿ ಅಂಗಡಿಗೆ ಹೋಗಿ ಬಾಯಿ ಹುಣ್ಣಿಗೆ ಏನಾದರೂ ಕೊಡಿ ಎಂದಳು. ಅಂಗಡಿಯವನು ಬಿ ಕಾಂಪ್ಲೆಕ್ಸ್ ಕೊಟ್ಟ. ಅದೂ ಹಳದಿ.

ಮೋಸ ಮಾಡಬೇಕೆಂದು ಅವಳು ಕೂತು ಲೆಕ್ಕ ಹಾಕಿದ್ದಲ್ಲ. ಆ ಭಾನುವಾರ ಎರಡು ಬಗೆಯ ಮಾತ್ರೆಯೂ ಕೈಯಲ್ಲಿದ್ದವು. ಸೋಮವಾರ ಸಂಜೆಯೊಳಗೆ ಚೌಡಯ್ಯನ ಮನೆಯ ಮೂಗುಬೊಟ್ಟು ಕೊಡಬೇಕಿತ್ತು. ಇದೊಂದು ವಾರ ಎಂದುಕೊಂಡು ಅಂಗಡಿಯವನ ಮಾತ್ರೆಯನ್ನೇ ಅಂಗೈಗೆ ಹಾಕಿದಳು. ಗಂಡ ನುಂಗಿದ. ಸೋಮವಾರ ವಾಂತಿಯಾಗಲಿಲ್ಲ. ಎರಡು ಮುದ್ದೆ ಉಂಡ. ಮೂಗುಬೊಟ್ಟು ಚೆನ್ನಾಗಿ ಬಂತು. ಮುಂದಿನ ವಾರ ಇನ್ಯಾರದೋ ಓಲೆ.

ಪೂರ್ತಿ ನಿಲ್ಲಿಸಲು ಅವಳಿಗೆ ಧೈರ್ಯ ಬರಲಿಲ್ಲ. ಆಗ ಹೊಳೆದದ್ದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಅವರ ಕುಲದವರು ಅಗ್ಗಿಷ್ಟಿಕೆಗೆ ಬೆಂಕಿ ಹಾಕುವುದಿಲ್ಲ. ಉಪಕರಣ ತೊಳೆದು, ಒಡವೆ ಬಡಿಯುವ ಅಡಿಗಲ್ಲಿಗೆ ವಿಭೂತಿ ಹಚ್ಚಿ, ಕುಲದೇವತೆ ಕಾಳಮ್ಮನಿಗೆ ಕೈಮುಗಿದು ಸುಮ್ಮನಿರುತ್ತಾರೆ. ಅವತ್ತು ಕೊಟ್ಟರೆ ಕೆಲಸಕ್ಕೆ ತೊಂದರೆಯಿಲ್ಲ. ಪಾಡ್ಯದ ದಿನ ಒಂದಿಷ್ಟು ಮಲಗಿದರೆ ಹೋಯಿತು. ಹೀಗೆ ಒಂದು ಕಟ್ಟಳೆ ಮಾಡಿಕೊಂಡ ಮೇಲೆ ಅವಳಿಗೆ ಸಮಾಧಾನವಾಯಿತು. ಕಟ್ಟಳೆ ಅಂತ ಒಂದಿದ್ದರೆ ಮೋಸವೂ ವ್ರತದ ಹಾಗೆ ಕಾಣುತ್ತದೆ.

"ಇದೇನು ಇವತ್ತೂ ಕೊಡ್ತಿದ್ದೀಯ?" ಎಂದು ಗಂಡ ಮೊದಲ ಅಮಾವಾಸ್ಯೆಯಂದು ಕೇಳಿದ.

"ಡಾಕುಟ್ರು ಯೋಳವ್ರೆ. ತಿಂಗ್ಳಿಗೊಂದಪ ಸಕ್ತಿಗೆ."

ಅವನು ನುಂಗಿದ. ಪಾಡ್ಯದ ದಿನ ಹೊಟ್ಟೆ ಹಿಡಿದುಕೊಂಡು ಮಲಗಿ, "ಈ ಅಮಾಸೆ ಮಾತ್ರೆ ಒಂದು ಆಗಲ್ಲ ನಂಗೆ. ಭಾನುವಾರದ್ದು ಪಾಪ, ಏನೂ ಕ್ವಾಟ್ಲೆ ಕೊಡಲ್ಲ" ಎಂದ.

ಪುಟ್ಟಲಕ್ಷ್ಮಮ್ಮ ಮುಖ ತಿರುಗಿಸಿಕೊಂಡು ಒಲೆ ಊದಿದಳು.

ಬಾಯಿ ಮಾಗಿತು. ಆ ಬೇಸಿಗೆಯಲ್ಲಿ ಅವನು ಮೊದಲಿನ ಹಾಗೆ ಕೆಲಸ ಮಾಡಿದ. ಊದುಗೊಳವೆಯ ಸದ್ದು ಕೇಳಿದಾಗಲೆಲ್ಲ ಅವಳಿಗೆ, ತಾನು ಮಾಡಿದ್ದು ಸರಿಯಾಯಿತು ಅನ್ನಿಸುತ್ತಿತ್ತು. ಮಳೆಗಾಲ ಬರುವ ಹೊತ್ತಿಗೆ ಮತ್ತೆ ಗೆಣ್ಣು ಊದಿದವು. ಥಂಡಿಗೆ ಇರಬೇಕು ಎಂದುಕೊಂಡಳು. ಗೌರಿ ಹಬ್ಬಕ್ಕೆ ರಂಜಿತ ಬಂದವಳು, "ಅಪ್ಪಯ್ಯನ ಬೆರಳು ಯಾಕವ್ವ ಒಂದ್ ಕಡೀಕ್ ವಾಲ್ಕಂಡವೆ?" ಎಂದು ಕೇಳಿದಾಗ ಅವಳಿಗೆ ಮೊದಲ ಸಲ ಭಯವಾಯಿತು.

ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಅವರು ತಪ್ಪಿಸಲಿಲ್ಲ. ಡಾಕ್ಟರು ರಕ್ತದ ಪರೀಕ್ಷೆಯ ಚೀಟಿ ನೋಡಿ, "ರಕ್ತ ಚೆನ್ನಾಗಿದೆ. ಲಿವರ್ ಚೆನ್ನಾಗಿದೆ. ಔಷಧಿ ಒಗ್ಗಿದೆ ಇವರಿಗೆ" ಎನ್ನುತ್ತಿದ್ದರು. ಆಮೇಲೆ ಕೈ ಹಿಡಿದು, ಊದಿದ ಗೆಣ್ಣುಗಳನ್ನು ಒತ್ತಿ ನೋಡುತ್ತಿದ್ದರು. "ವಾರ ವಾರ ತಪ್ಪದೆ ತಗೋತಿದ್ದಾರಲ್ಲ?"

"ಊಂ ಸ್ವಾಮಿ" ಎನ್ನುತ್ತಿದ್ದಳು ಪುಟ್ಟಲಕ್ಷ್ಮಮ್ಮ.

ಡಾಕ್ಟರು ಮೂರನ್ನು ನಾಲ್ಕು ಮಾಡಿದರು. ಮುಂದಿನ ಸಲ ಐದು. ಬರೆದುಕೊಟ್ಟದ್ದನ್ನೆಲ್ಲ ಅವಳು ಕೊಳ್ಳುತ್ತಿದ್ದಳು. ಬಾಯಿ ಬಿಡುವ ಧೈರ್ಯವಿಲ್ಲದೆ ಹೋದರೂ ಕೊಳ್ಳುವುದನ್ನಾದರೂ ಬಿಡಬಾರದು ಎಂಬಂತೆ. ಉಳಿದ ಮಾತ್ರೆಯ ಹಾಳೆಗಳನ್ನು ಹುಣಸೆಹಣ್ಣಿನ ಮಡಕೆಯ ತಳದಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದಳು. ದಿನಾ ಸಾರಿಗೆ ಹುಣಸೆ ತೆಗೆಯುವಾಗ ಕೈಗೆ ಆ ಗಂಟು ತಾಗುತ್ತಿತ್ತು.

ಈಗಲಾದರೂ ವಾರ ವಾರ ಕೊಡೋಣವೆಂದು ಒಂದು ಭಾನುವಾರ ನಿಜವಾದ ಮಾತ್ರೆಗಳನ್ನೇ ಕೈಗೆ ತೆಗೆದುಕೊಂಡಳು. ಈಗ ಐದು. ಮೂರಕ್ಕೇ ಬಾಯಿ ಒಡೆದಿತ್ತು, ಐದಕ್ಕೆ ಏನಾದೀತು? ಪ್ರಾಣಕ್ಕೇ ಬರುತ್ತೆ ಎಂದಿದ್ದರಲ್ಲ? ಡಾಕ್ಟರು ಏರಿಸಿದ್ದು ತನ್ನ ಸುಳ್ಳಿನ ಮೇಲೆ ಎಂಬುದು ಅವಳಿಗೆ ಗೊತ್ತಿತ್ತು. ಹಾಕಲೂ ಆಗದೆ, ಬಿಡಲೂ ಆಗದೆ, ಮತ್ತೆ ಅಂಗಡಿಯವನ ಮಾತ್ರೆಯನ್ನೇ ಹಾಕಿದಳು.

ಸಂಕ್ರಾಂತಿ ಕಳೆದ ಮೇಲೆ ಹೋದಾಗ ಡಾಕ್ಟರು ಕೈಯ ಎಕ್ಸ್‌ರೇ ತೆಗೆಸಿದ್ದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೂಳೆ ಸವೀತಿದೆ ಆಚಾರ್ರೆ. ಈ ಔಷಧಿ ನಿಮಗೆ ಹಿಡೀಲಿಲ್ಲ. ಇಷ್ಟು ಕೊಟ್ಟೂ ಹಿಡೀಲಿಲ್ಲ ಅಂದ್ರೆ ನಿಲ್ಲಿಸಬೇಕಾಗುತ್ತೆ. ಇದಕ್ಕಿಂತ ಒಳ್ಳೇದು ನನ್ನ ಹತ್ತಿರ ಇಲ್ಲ. ಸ್ಟೀರಾಯ್ಡ್ ಬರೀತೀನಿ. ನೋವು ತಗ್ಗುತ್ತೆ, ಬೆರಳು ಉಳಿಯೋದನ್ನ ನಾನು ಹೇಳಲಾರೆ. ಮುಖ ಊದಬಹುದು, ಸಕ್ಕರೆ ಕಾಯಿಲೆ ಬರಬಹುದು."

ಹೊನ್ನಪ್ಪಾಚಾರಿ ತನ್ನ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ. "ನಾನೊಂದ್ ವಾರನೂ ತಪ್ಪಿಸಿಲ್ಲ ಸ್ವಾಮಿ. ಜ್ವರ ಬಂದಾಗ್ಲೂ ನುಂಗಿವ್ನಿ. ಬೇಕಾದ್ರೆ ಇವ್ಳ ಕೇಳಿ" ಎಂದ. ಪಾಠ ಒಪ್ಪಿಸಿದ ಹುಡುಗನ ಹಾಗೆ ಹೇಳಿದ.

ಡಾಕ್ಟರು ಅವಳ ಕಡೆ ನೋಡಿದರು. ಪುಟ್ಟಲಕ್ಷ್ಮಮ್ಮ ಹೌದೆಂದು ತಲೆಯಾಡಿಸಿದಳು.

ಆಚೆ ಬಂದರು. ಕೋಟೆಯ ಬಾಗಿಲು ದಾಟಿ ಬಸ್ ನಿಲ್ದಾಣಕ್ಕೆ ಬಂದು ಕೂತರು. ಅವಳ ಕೈಯಲ್ಲಿ ಹೊಸ ಚೀಟಿಯಿತ್ತು. ಹಳೆಯ ಮಾತ್ರೆಯ ಹೆಸರು ಅದರಲ್ಲಿರಲಿಲ್ಲ. ಇನ್ನು ಆ ಮಾತ್ರೆ ಅವನಿಗಿಲ್ಲ. ಮೊದಲ ಎರಡು ತಿಂಗಳಲ್ಲಿ ಮುಷ್ಟಿ ಕಟ್ಟಿಸಿದ್ದ ಮಾತ್ರೆ. ಅದು ಹಿಡಿದಿತ್ತು ಎಂದು ಗೊತ್ತಿದ್ದವಳು ಈ ಲೋಕದಲ್ಲಿ ಅವಳೊಬ್ಬಳೇ.

"ಛತ್ರಿ ಬುಟ್ಬಂದೆ" ಎಂದು ಎದ್ದಳು. ಛತ್ರಿ ತಂದೇ ಇರಲಿಲ್ಲ. ಗಂಡ ಅದನ್ನೂ ಗಮನಿಸಲಿಲ್ಲ.

ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು ಕಾದಳು. ಒಳಗೆ ಹೋದಾಗ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹುಣ್ಣು, ತಾಳಿ, ಬಿ ಕಾಂಪ್ಲೆಕ್ಸ್, ಅಮಾವಾಸ್ಯೆ. ಅಮಾವಾಸ್ಯೆ ಯಾಕೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕಾಯಿತು.

ಡಾಕ್ಟರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾಯಿ ಹುಣ್ಣು ಬರುತ್ತಮ್ಮ ಈ ಔಷಧೀಲಿ. ಅದಕ್ಕೆ ಇನ್ನೊಂದು ಸಣ್ಣ ಮಾತ್ರೆ ಇದೆ. ಆವತ್ತೇ ಹೇಳಿದ್ದಿದ್ರೆ ಆವತ್ತೇ ಬರೀತಿದ್ದೆ. ಎಷ್ಟೋ ಜನಕ್ಕೆ ಅದರಲ್ಲೇ ಸರಿ ಹೋಗುತ್ತೆ."

ಪುಟ್ಟಲಕ್ಷ್ಮಮ್ಮ ಕೈಯಲ್ಲಿದ್ದ ಹೊಸ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ನಾನೂ ಕೇಳಬೇಕಿತ್ತು. ತಗೋತಿದ್ದಾರಾ ಅಂತ ಕೇಳಿದೆ, ತಗೊಂಡ್ರೆ ಏನಾಗುತ್ತೆ ಅಂತ ಕೇಳಲಿಲ್ಲ" ಎಂದು ಡಾಕ್ಟರು ಚೀಟಿ ಹರಿದು ಬೇರೆ ಬರೆದರು. "ಮೊದಲಿನಿಂದ ಶುರು ಮಾಡೋಣ. ಮೂರೇ. ಮನೇಲಿ ಉಳಿದಿರೋದೆಲ್ಲ ಮುಂದಿನ ಗುರುವಾರ ತಂದುಕೊಡಿ, ಒಂದೂ ಇಟ್ಟುಕೋಬೇಡಿ. ವಾಲಿರೋ ಬೆರಳು ನೇರ ಆಗಲ್ಲ. ಮಿಕ್ಕಿದ್ದು ಉಳಿಸಿಕೊಳ್ಳಬಹುದು. ಅವರಿಗೆ ಗೊತ್ತಾ?"

"ಇಲ್ಲ ಸ್ವಾಮಿ."

"ನಾನು ಹೇಳಲ್ಲ. ನಿಮ್ಮ ಮನೆ ವಿಚಾರ."

ದಾರಿಯುದ್ದಕ್ಕೂ ಅವಳು ಆ ಮಾತನ್ನೇ ಮನಸ್ಸಿನಲ್ಲಿ ಹಿಡಿದುಕೊಂಡು ನಡೆದಳು. ಡಾಕ್ಟರು ಹೇಳುವುದಿಲ್ಲ. ಚೀಟಿ ಸರಿಯಾಗಿದೆ. ಭಾನುವಾರ ಬರುತ್ತದೆ, ಅಂಗೈ ಚಾಚುತ್ತಾನೆ, ನಿಜವಾದದ್ದನ್ನು ಹಾಕಿದರಾಯಿತು. ಯಾರಿಗೂ ತಿಳಿಯುವುದಿಲ್ಲ.

ಹೊನ್ನಪ್ಪಾಚಾರಿ ಬೆಂಚಿನ ಮೇಲೆ ಅದೇ ಜಾಗದಲ್ಲಿ ಕೂತಿದ್ದ. ದೂರಕ್ಕೆ ಕಾಣುವ ಕರಿಘಟ್ಟದ ಬೆಟ್ಟವನ್ನು ನೋಡುತ್ತಿದ್ದ.

"ಸಿಕ್ತಾ ಛತ್ರಿ?"

"ಇಲ್ಲ."

"ಓಗ್ಲಿ ಬುಡು." ಅವನೇ ಮುಂದುವರಿಸಿದ. "ನಿಂಗೊಂದ್ ಮಾತು ಯೋಳಿರ್ಲಿಲ್ಲ ಕಣಮ್ಮಿ. ರಂಜಿತನ ಮದ್ವೆ ಹಿಂದಿನ್ ದಿನ ಓಲೆ ತಿರುಪು ಮುರೀತಲ್ಲ, ನೆಪ್ಪೈತಾ?"

"ಊಂ."

"ಅವತ್ತು ಅಮಾಸೆ ಇನ್ನೂ ಕಳ್ದಿರ್ಲಿಲ್ಲ. ನೀವೆಲ್ಲ ಚಪ್ಪರದ ತಾವಿದ್ರಿ. ಬಾಗ್ಲಾಕ್ಕಂಡು ಬೆಂಕಿ ಹಾಕ್ದೆ. ಮಗಳು ಬರೀ ಕಿವೀಲಿ ಹಸೆಗೆ ಕೂರ್ಬಾರ್ದು ಅಂತ." ಅವನು ಕೈಗಳನ್ನು ಮಗುಚಿ ನೋಡಿಕೊಂಡ. "ಔಸ್ತಿ ಯಾಕ್ ಹಿಡೀತದೆ ಹೇಳು. ಕಾಳಮ್ಮ ಹಿಡಕಂಡವ್ಳೆ ಬೆರಳ್ನ. ನಾನ್ ಮಾಡ್ಕಂಡಿದ್ದು ನಾನ್ ಉಣ್ತಾವ್ನಿ. ನೀನು ವಾರ ವಾರ ತಪ್ಪದಂಗೆ ಕೊಟ್ಟೆ. ನಿಂದೇನೂ ತಪ್ಪಿಲ್ಲ."

ಪಾಂಡವಪುರದ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ಪುಟ್ಟಲಕ್ಷ್ಮಮ್ಮ ಏಳಲಿಲ್ಲ.

"ಕಾಳಮ್ಮ ಅಲ್ಲ" ಎಂದಳು. "ನಾನು."

ಹೇಳಿದಳು. ಡಾಕ್ಟರಿಗೆ ಹೇಳಿದಷ್ಟು ಬೇಗ ಹೇಳಲು ಆಗಲಿಲ್ಲ. ಬಸ್ಸು ತುಂಬಿ ಹೊರಟಿತು. ಅವಳು ಮುಗಿಸಿದಾಗ ಅವನು ಕೇಳಿದ್ದು ಒಂದೇ: "ಅಮಾಸೆ ದಿನ ಕೊಡ್ತಿದ್ಯಲ್ಲ, ಅದಾ ನಿಜವಾದ್ದು?"

"ಊಂ."

"ಅದ್ನೇ ಬೈತಿದ್ದೆ ನಾನು" ಎಂದ.

ಮುಂದಿನ ಬಸ್ಸು ಹತ್ತಿದರು. ಪಾಂಡವಪುರದಲ್ಲಿ ಇಳಿದು ಬೂಕನಕೆರೆಯ ಬಸ್ಸಿಗೆ ಕಾದರು. ಅಲ್ಲಿ ಯಾವಾಗಲೂ ಅವಳಿಗೆ ಕಡಲೆಕಾಯಿ ಕೊಡಿಸುತ್ತಿದ್ದವನು ಅವತ್ತೂ ಕೊಡಿಸಿದ. ತಾನು ತಿನ್ನಲಿಲ್ಲ. ಕಡಲೆಕಾಯಿ ಸುಲಿಯುವುದು ಅವನಿಂದ ಆಗುತ್ತಿರಲಿಲ್ಲ. ಬೇರೆ ದಿನ ಅವಳು ಸುಲಿದು ಕೊಡುತ್ತಿದ್ದಳು. ಇವತ್ತು ಸುಲಿದ ಬೀಜ ಅವಳ ಮುಷ್ಟಿಯಲ್ಲೇ ಬೆವರಿದವು. ಕೊಡುವ ಧೈರ್ಯವಾಗಲಿಲ್ಲ.

ಮನೆಗೆ ಬಂದವಳೇ ಹುಣಸೆಯ ಮಡಕೆಯಿಂದ ಗಂಟು ತೆಗೆದು ಅಂಗಡಿಯ ಕೋಣೆಗೆ ಒಯ್ದಳು. ಅವನ ಮುಂದಿದ್ದ ಮರದ ಮಣೆಯ ಮೇಲೆ ಬಿಚ್ಚಿದಳು. ಅರದಿಂದ ಉದುರುವ ಚಿನ್ನದ ಪುಡಿ ಹಾಳಾಗದಿರಲೆಂದು ಅವನು ಕೆಲಸ ಮಾಡುತ್ತಿದ್ದ ಮಣೆ ಅದು. ಹಾಳೆಗಳು ರಾಶಿಯಾಗಿ ಬಿದ್ದವು. ಕೆಲವಕ್ಕೆ ಹುಣಸೆಯ ಜಿಗುಟು ಅಂಟಿತ್ತು. ಹೊನ್ನಪ್ಪಾಚಾರಿ ಆ ರಾಶಿಯನ್ನು ನೋಡಿದ. ಒಂದು ಹಾಳೆಯನ್ನು ಎತ್ತಲು ಹೋದ. ಬೆರಳಿಗೆ ಸಿಗದೆ ಅದು ಜಾರಿತು. ಇನ್ನೊಂದು ಸಲ ಪ್ರಯತ್ನಿಸಲಿಲ್ಲ.

"ನನ್ ಬಾಯಿಗೋಸ್ಕರ ಮಾಡ್ದೆ" ಎಂದ. ಕೇಳಿದನೋ, ಹೇಳಿದನೋ ಅವಳಿಗೆ ತಿಳಿಯಲಿಲ್ಲ.

"ಜವರಯ್ಯ ಎದ್ ಓದಾಗ ನೀವು ತಟ್ಟೆ ನೋಡ್ಕಂಡ್ ಕೂತಿದ್ರಿ" ಎಂದಳು.

ಅವನು ಬಯ್ಯಲಿಲ್ಲ, ಊಟ ಬಿಡಲಿಲ್ಲ, ಮಗಳಿಗೆ ಹೇಳಲಿಲ್ಲ. ಗುರುವಾರ ಉಳಿದ ಮಾತ್ರೆಗಳನ್ನು ಇಬ್ಬರೂ ಹೋಗಿ ಕೊಟ್ಟುಬಂದರು. ಬಾಯಿ ಹುಣ್ಣಿಗೆ ಡಾಕ್ಟರು ಬರೆದ ಸಣ್ಣ ಮಾತ್ರೆಯನ್ನು ತಂದರು. ಅದೂ ಹಳದಿಯೇ. ವಾಂತಿ ಮೊದಲಿನಂತೆ ಬಂತು. ಬಾಯಲ್ಲಿ ಒಂದೆರಡು ಹುಣ್ಣು ಎದ್ದು ತಾವಾಗಿ ಅಡಗಿದವು. ಬೇಸಿಗೆಯ ಹೊತ್ತಿಗೆ ಊತ ಇಳಿಯಿತು. ಬೆಳಗಿನ ಬಿಸಿನೀರು ಬೇಡವಾಯಿತು. ಎಡಗೈ ಅವನದಾಯಿತು. ಬಲಗೈಯ ಎರಡು ಬೆರಳು ವಾಲಿದಂತೆಯೇ ಉಳಿದವು. ಬೆಸುಗೆಯ ಕೆಲಸ ಹಿಡಿಯುವಂತಿರಲಿಲ್ಲ. ಈಗ ಉರಿ ಊದಲು ಬಾಯಿ ಇತ್ತು, ಒಡವೆ ಹಿಡಿಯಲು ಕೈ ಇರಲಿಲ್ಲ. ಸರ ಪೋಣಿಸುವುದು, ಮೆರುಗು ಕೊಡುವುದು, ಒರೆ ಹಚ್ಚಿ ಹೇಳುವುದು ಇಷ್ಟಕ್ಕೆ ಜನ ಬರುತ್ತಿದ್ದರು. ತಾಳಿಗೆ ಯಾರೂ ಬರಲಿಲ್ಲ.

ಭಾನುವಾರ ಊಟವಾದ ಮೇಲೆ ಅವನು ಈಗಲೂ ಅಂಗೈ ಚಾಚುತ್ತಾನೆ. ಪುಟ್ಟಲಕ್ಷ್ಮಮ್ಮ ಅವನ ಕಣ್ಣೆದುರಿಗೇ ಹಾಳೆ ಹಿಡಿದು, ಒಂದೊಂದಾಗಿ ಬಿಡಿಸಿ ಹಾಕುತ್ತಾಳೆ. ಅವನು ಮೊದಲಿನಂತೆ ಬಾಯಿಗೆ ಎಸೆದುಕೊಳ್ಳುವುದಿಲ್ಲ. ಅಂಗೈಯನ್ನು ಬಾಗಿಲ ಬೆಳಕಿಗೆ ಒಯ್ದು ನೋಡುತ್ತಾನೆ. ಸಿಟ್ಟಿಲ್ಲ, ಚುಚ್ಚುವ ದನಿಯೂ ಅಲ್ಲ. ಗಿರಾಕಿ ತಂದ ಚಿನ್ನವನ್ನು ಕೇಳುವ ಹಾಗೆ ಕೇಳುತ್ತಾನೆ.

"ಇದು ಅದೇ ತಾನೆ ಕಣಮ್ಮಿ?"

"ಅದೇಯ" ಎನ್ನುತ್ತಾಳೆ ಅವಳು.

ಅವನು ನುಂಗುತ್ತಾನೆ. ಅವಳು ಚೊಂಬು ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಮುಂದಿನ ಭಾನುವಾರವೂ ಕೇಳುತ್ತಾನೆ.